ಕಾರ್ಡನ್ನು ಉಳಿಸಲು ಹೆತ್ತವರನ್ನು ಅಲೆಸಬೇಡಿ

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಆ ದೇಶದ ಪೌರರು. ಪೌರತ್ವ ದೊರೆತೊಡನೆ ಅವರಲ್ಲಿ ಅನೇಕರು ಮಾಡುವ ಮೊದಲ ಕೆಲಸವೆಂದರೆ ಊರಿನಲ್ಲಿರುವ ತಂದೆತಾಯಿಯರಿಗೆ ಗ್ರೀನ್ ಕಾರ್ಡಿಗಾಗಿ ಅರ್ಜಿ ಹಾಕುವುದು. ಇಪ್ಪತ್ತೊಂದು ವರ್ಷ ತುಂಬಿದ ಅಮೆರಿಕದ ಪೌರನು ತನ್ನ ಹೆತ್ತವರಿಗಾಗಿ ಅರ್ಜಿ ಸಲ್ಲಿಸಿದರೆ ಅದಕ್ಕೆ ವಾರ್ಷಿಕ ಸಂಖ್ಯಾಮಿತಿ ಇಲ್ಲ. ಅಣ್ಣತಮ್ಮಂದಿರ ಅರ್ಜಿಗಳಂತೆ ವರ್ಷಾನುಗಟ್ಟಲೆ ಸರದಿಯಲ್ಲಿ ಕಾಯಬೇಕಾಗಿಲ್ಲ. ಸಿಗುವುದು ಸುಲಭವಾದ್ದರಿಂದ, "ಇರಲಿ ಬಿಡಿ ಅಪ್ಪಾ, ಮುಂದೆ ಬೇಕಾದೀತು" ಎಂದು ತೆಗೆಸಿಕೊಡುತ್ತಾರೆ. ಈ "ಇರಲಿ ಬಿಡಿ" ಎಂಬ ಮಾತಿನ ಮೇಲೆಯೇ ನನ್ನ ಆಕ್ಷೇಪ.

ನಮ್ಮ ಬಡಾವಣೆಯಲ್ಲಿಯೇ ಇಂತಹ ನಾಲ್ಕು ಮನೆಗಳಿವೆ. ಊರಿಗೆ ಬಂದು ಐದು ತಿಂಗಳು ಕಳೆಯಿತೆಂದರೆ ಆ ಮನೆಗಳಲ್ಲಿ ಅಟ್ಟದ ಮೇಲಿನ ಸೂಟ್‌ಕೇಸುಗಳು ಕೆಳಗಿಳಿಯುತ್ತವೆ. ಸಾರಿನ ಪುಡಿ, ಚಟ್ನಿಪುಡಿ, ರಕ್ತದೊತ್ತಡದ ಮಾತ್ರೆಗಳ ಕಟ್ಟು ಎಲ್ಲವೂ ತೂಕಕ್ಕೆ ಬರುತ್ತವೆ. "ಮತ್ತೆ ಹೊರಟಿರೇನು ರಾಯರೇ?" ಎಂದರೆ, "ಏನು ಮಾಡೋದು ಮೇಷ್ಟ್ರೇ, ಈ ಸಲ ಹೋಗದಿದ್ದರೆ ಕಾರ್ಡು ಸತ್ತುಹೋಗುತ್ತದಂತೆ" ಎಂಬ ಉತ್ತರ. ಮಗನನ್ನು ನೋಡಬೇಕೆಂಬ ಹಂಬಲದಿಂದ ಹೊರಡುವ ಪ್ರಯಾಣವಲ್ಲ ಇದು. ಮೊಮ್ಮಗುವಿನ ಬಾಣಂತನವೂ ಅಲ್ಲ. ಮಂಡಿನೋವಿನ ಎಪ್ಪತ್ತೆರಡರ ವೃದ್ಧರು, ಗಾಲಿಕುರ್ಚಿಯಲ್ಲಿ ಕುಳಿತು, ಅರ್ಧ ಭೂಮಂಡಲವನ್ನು ಸುತ್ತಿ, ಒಂದು ಕಾರ್ಡಿನ ಪ್ರಾಣವನ್ನು ಉಳಿಸಲು ಹೋಗುತ್ತಿದ್ದಾರೆ. ನವೆಂಬರ್ ತಿಂಗಳಲ್ಲಿ ತಾವು ಬದುಕಿದ್ದೇವೆಂದು ಪಿಂಚಣಿಗಾಗಿ ಪ್ರಮಾಣಪತ್ರ ಕೊಡುವುದೇ ನಮ್ಮಂಥವರಿಗೆ ಸಾಕುಸಾಕಾಗಿರುತ್ತದೆ. ಅದರ ಮೇಲೆ ಇದೊಂದು.

ಇಷ್ಟೆಲ್ಲ ಕಷ್ಟಪಟ್ಟಾಗಲಾದರೂ ಕಾರ್ಡು ಭದ್ರವಾಗುತ್ತದೆಯೇ ಎಂದು ಕೇಳಿದರೆ, ಇಲ್ಲ. "ಆರು ತಿಂಗಳಿಗೊಮ್ಮೆ ಅಮೆರಿಕದ ನೆಲ ಮುಟ್ಟಿ ಬಂದರೆ ಸಾಕು" ಎಂಬುದು ನಮ್ಮ ಜನರ ನಡುವೆ ಬಾಯಿಂದ ಬಾಯಿಗೆ ಹರಿದುಬಂದ ನಂಬಿಕೆಯೇ ಹೊರತು ಕಾನೂನಲ್ಲ. ಕಾನೂನಿನಲ್ಲಿರುವುದು ಬೇರೆ ಮಾತು. ಸತತವಾಗಿ 180 ದಿನಗಳಿಗಿಂತ ಹೆಚ್ಚು ಕಾಲ ಹೊರಗಿದ್ದು ಮರಳಿದವನನ್ನು ಹೊಸದಾಗಿ ಪ್ರವೇಶ ಕೋರುವವನಂತೆ ಪರಿಗಣಿಸಿ ಪ್ರಶ್ನಿಸಬಹುದು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಹೊರಗಿದ್ದರೆ ಆ ಕಾರ್ಡೊಂದನ್ನೇ ತೋರಿಸಿ ಒಳಗೆ ಹೋಗುವಂತಿಲ್ಲ. ಆದರೆ 180 ದಿನಗಳೊಳಗೆ ಮರಳಿದವನು ಸುರಕ್ಷಿತ ಎಂದು ಎಲ್ಲಿಯೂ ಹೇಳಿಲ್ಲ. ಅವರು ಕೇಳುವುದು ದಿನಗಳ ಲೆಕ್ಕವನ್ನಷ್ಟೇ ಅಲ್ಲ, ನಿಮ್ಮ ಮನೆ ಎಲ್ಲಿದೆ ಎಂಬುದನ್ನು.

ಇದಕ್ಕೆ 1975ರಷ್ಟು ಹಳೆಯದಾದ ಒಂದು ತೀರ್ಪೇ ಇದೆ. ಜಮೈಕಾ ಮೂಲದ ಒಬ್ಬ ಮಹಿಳೆ ವರ್ಷದ ಬಹುಭಾಗವನ್ನು ತನ್ನ ಊರಿನಲ್ಲಿ ವಸತಿಗೃಹ ನಡೆಸುತ್ತ ಕಳೆದು, ಪ್ರತಿವರ್ಷ ಅಲ್ಪಕಾಲ ಅಮೆರಿಕಕ್ಕೆ ಬಂದುಹೋಗುತ್ತಿದ್ದಳು. ಕಾಯಂ ವಾಸದ ಹಕ್ಕು ತನಗಿನ್ನೂ ಇದೆ ಎಂಬುದು ಆಕೆಯ ವಾದ. ಅಲ್ಲಿನ ವಲಸೆ ಮೇಲ್ಮನವಿ ಮಂಡಳಿಯು ಒಪ್ಪಲಿಲ್ಲ. ಏಕೆ ಹೊರಟೆ, ಎಂದು ಮರಳಲಿದ್ದೆ, ನಿನ್ನ ಉದ್ಯೋಗ ಅಥವಾ ನಿಜವಾದ ಮನೆ ಎಲ್ಲಿದೆ ಎಂಬ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, ಆ ಹಕ್ಕನ್ನು ಆಕೆ ತಾನಾಗಿಯೇ ಬಿಟ್ಟುಕೊಟ್ಟಿದ್ದಾಳೆ ಎಂದು ನಿರ್ಣಯಿಸಿತು. ಈಗ ನಮ್ಮ ರಾಯರನ್ನು ಆ ಮೂರು ಪ್ರಶ್ನೆಗಳ ಮುಂದೆ ನಿಲ್ಲಿಸಿ ನೋಡಿ. ಸ್ವಂತ ಮನೆ ಮೈಸೂರಿನಲ್ಲಿ, ಪಿಂಚಣಿ ಇಲ್ಲಿನ ಬ್ಯಾಂಕಿನಲ್ಲಿ, ಹಾಲಿನವನ ಲೆಕ್ಕ ಇಲ್ಲಿ, ಕುಲದೇವರು ಇಲ್ಲಿ. ಅಲ್ಲಿರುವುದು ಮಗನ ಮನೆಯ ಅತಿಥಿಕೋಣೆ ಮತ್ತು ಹಿಂದಿರುಗುವ ಟಿಕೆಟು.

ಕಾರ್ಡಿನ ನವೀಕರಣದ ವಿಷಯದಲ್ಲಿ ಇನ್ನೂ ದೊಡ್ಡ ಗೊಂದಲವಿದೆ. ಕಾರ್ಡಿಗೆ ಸಾಮಾನ್ಯವಾಗಿ ಹತ್ತು ವರ್ಷಗಳ ಅವಧಿ. ಮುಗಿಯುವ ಮೊದಲಿನ ಆರು ತಿಂಗಳೊಳಗೆ ಐ-90 ಎಂಬ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು. ಬೆರಳಚ್ಚಿಗೆ ಕರೆದರೆ ಅಮೆರಿಕದಲ್ಲಿಯೇ ಹಾಜರಾಗಬೇಕು. ಅರ್ಜಿಯ ಸ್ವೀಕೃತಿ ಪತ್ರವು ಹಳೆಯ ಕಾರ್ಡಿನ ಅವಧಿಯನ್ನು 2024ರ ಸೆಪ್ಟೆಂಬರಿನಿಂದ 36 ತಿಂಗಳು ವಿಸ್ತರಿಸುತ್ತದೆ. ಇದನ್ನು ಓದಿದವರೊಬ್ಬರು, "ಹಾಗಾದರೆ ಮೂರು ವರ್ಷ ಊರಿನಲ್ಲಿ ನಿಶ್ಚಿಂತೆ" ಎಂದು ನನ್ನೆದುರಿಗೇ ಸಂತೋಷಪಟ್ಟರು. ಅಲ್ಲ ಸ್ವಾಮಿ! ವಿಸ್ತರಣೆಯಾದದ್ದು ಕಾರ್ಡಿನ ಆಯುಷ್ಯ, ಹೊರಗಿರುವ ಅನುಮತಿಯಲ್ಲ. ಕಾರ್ಡಿನ ಮೇಲಿನ ತಾರೀಖು ಮುಗಿದ ಮಾತ್ರಕ್ಕೆ ವಾಸದ ಹಕ್ಕು ಹೋಗುವುದಿಲ್ಲ. ತಾರೀಖು ಇನ್ನೂ ಎಂಟು ವರ್ಷ ಇದ್ದ ಮಾತ್ರಕ್ಕೆ ಆ ಹಕ್ಕು ಉಳಿಯುವುದೂ ಇಲ್ಲ. ಶಾಲೆಯ ಗುರುತಿನ ಚೀಟಿಗೂ ಹಾಜರಿ ಪುಸ್ತಕಕ್ಕೂ ಇರುವ ವ್ಯತ್ಯಾಸ ನನ್ನ ವಿದ್ಯಾರ್ಥಿಗಳಿಗೆ ತಿಳಿಯದ್ದೇನಲ್ಲ.

ನಿಜವಾದ ಕಾರಣಕ್ಕಾಗಿ ಹೆಚ್ಚು ಕಾಲ ಊರಿನಲ್ಲಿರಬೇಕಾದವರಿಗೆ ಮರುಪ್ರವೇಶದ ಪರವಾನಗಿ ಎಂಬುದೊಂದಿದೆ. ಅಮೆರಿಕದಿಂದ ಹೊರಡುವ ಮೊದಲೇ ಐ-131 ನಮೂನೆಯಲ್ಲಿ ಅರ್ಜಿ ಹಾಕಬೇಕು. ಗರಿಷ್ಠ ಎರಡು ವರ್ಷಕ್ಕೆ ಕೊಡುತ್ತಾರೆ. ಅದರ ಅವಧಿಯನ್ನು ಹಿಗ್ಗಿಸುವಂತಿಲ್ಲ. ಮನೆ ಮಾರುವುದಕ್ಕೆ, ಶಸ್ತ್ರಚಿಕಿತ್ಸೆಗೆ, ಅಜ್ಜಿಯ ಕೊನೆಗಾಲದ ಶುಶ್ರೂಷೆಗೆ ಅದು ಸರಿಯಾದ ದಾರಿ. ಅದನ್ನೇ ಮತ್ತೆ ಮತ್ತೆ ಪಡೆದು ಊರಿನಲ್ಲಿಯೇ ಸಂಸಾರ ಮಾಡುವವರನ್ನೂ ಕಂಡಿದ್ದೇನೆ. ಅವರಿಗೂ ಅದೇ ಮೂರು ಪ್ರಶ್ನೆಗಳು ಕಾದಿರುತ್ತವೆ.

ಈ ಲೆಕ್ಕಾಚಾರವೆಲ್ಲ ನೀವಂದುಕೊಂಡಂತೆಯೇ ನಡೆಯುವುದೆಂಬ ಭರವಸೆಯೂ ಇಲ್ಲ. 2020ರ ಮಾರ್ಚಿನಲ್ಲಿ ಭಾರತವು ಅಂತರರಾಷ್ಟ್ರೀಯ ವಿಮಾನ ಸಂಚಾರವನ್ನು ನಿಲ್ಲಿಸಿತು. ನಿಯಮಿತ ಸಂಚಾರ ಪುನಃ ಆರಂಭವಾದದ್ದು 2022ರ ಮಾರ್ಚ್ 27ರಂದು. ಆ ನಡುವೆ ವಿಶೇಷ ವಿಮಾನಗಳೇನೋ ಇದ್ದವು, ಆದರೆ ಆ ಮಹಾಮಾರಿಯ ನಡುವೆ ಎಪ್ಪತ್ತು ದಾಟಿದವರನ್ನು ಹತ್ತಿಸುವ ಧೈರ್ಯ ಯಾರಿಗಿತ್ತು? ವರ್ಷ ಮೀರಿದವರು ಮರಳುವ ನಿವಾಸಿಯ ವೀಸಾ ಕೇಳಬೇಕಾಯಿತು. ತಡವಾದದ್ದು ತಮ್ಮ ಕೈಮೀರಿದ ಕಾರಣದಿಂದ ಎಂದು ದೂತಾವಾಸಕ್ಕೆ ಸಾಬೀತುಪಡಿಸಬೇಕಾಯಿತು.

2025ರಲ್ಲಿ ಬಂದ ಸುದ್ದಿಗಳನ್ನು ನೀವೂ ಓದಿರುತ್ತೀರಿ. ಚಳಿಗಾಲವನ್ನು ಭಾರತದಲ್ಲಿ ಕಳೆದು ಮರಳಿದ ವೃದ್ಧರನ್ನು ಅಲ್ಲಿನ ವಿಮಾನ ನಿಲ್ದಾಣಗಳಲ್ಲಿ ಪ್ರಶ್ನಿಸಿ, ಐ-407 ಎಂಬ ನಮೂನೆಗೆ ಸಹಿ ಹಾಕುವಂತೆ ಒತ್ತಾಯಿಸಲಾಗುತ್ತಿದೆ ಎಂದು ವಲಸೆ ವಕೀಲರು ಹೇಳಿದ್ದರು. ಕಾಯಂ ವಾಸದ ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುವ ಪತ್ರ ಅದು. ಸಹಿ ಹಾಕಲೇಬೇಕೆಂದಿಲ್ಲ, ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳುವ ಹಕ್ಕು ಅವರಿಗಿದೆ. ಆದರೆ ಇಪ್ಪತ್ತು ಗಂಟೆಗಳ ಪ್ರಯಾಣ ಮಾಡಿ, ನಿದ್ದೆಗೆಟ್ಟು, ಉಚ್ಚಾರಣೆ ಅರ್ಥವಾಗದ ಅಧಿಕಾರಿಯ ಎದುರು ನಿಂತ ನಿಮ್ಮ ತಾಯಿಗೆ ಈ ಹಕ್ಕನ್ನು ಯಾರು ಹೇಳಿಕೊಟ್ಟಿದ್ದಾರೆ? ನೀವು ಹೇಳಿಕೊಟ್ಟದ್ದು ಬೇರೆ: "ಕೇಳಿದರೆ ಇಲ್ಲೇ ಇರುತ್ತೇವೆ ಅಂತ ಹೇಳಿಬಿಡಿ ಅಮ್ಮಾ." ನಲವತ್ತು ವರ್ಷ ಸುಳ್ಳು ಹೇಳಬಾರದೆಂದು ನಿಮ್ಮನ್ನು ಗದರಿಸಿ ಬೆಳೆಸಿದ ಹೆಂಗಸಿಗೆ ಈ ಪಾಠ!

ವೈದ್ಯಕೀಯ ಸೌಲಭ್ಯಕ್ಕಾಗಿ ಎನ್ನುವವರೂ ಇದ್ದಾರೆ. ಆ ದೇಶದಲ್ಲಿ ದುಡಿಯದೆ ಅರವತ್ತೈದು ದಾಟಿದ ಕಾಯಂ ನಿವಾಸಿಯು ಮೆಡಿಕೇರ್ ಅನ್ನು ಹಣ ತೆತ್ತು ಕೊಳ್ಳಬೇಕಾದರೂ ಅಲ್ಲಿ ಐದು ವರ್ಷ ಸತತವಾಗಿ ವಾಸಿಸಿರಬೇಕು. 2025ರಲ್ಲಿ ಆಸ್ಪತ್ರೆಯ ಭಾಗಕ್ಕೆ ತಿಂಗಳಿಗೆ 518 ಡಾಲರ್, ವೈದ್ಯರ ಭಾಗಕ್ಕೆ 185 ಡಾಲರ್ ತೆರಬೇಕಿತ್ತು, ಅದೂ ಒಬ್ಬರಿಗೆ. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಎಂದು ಅಲೆಯುವವರ "ಸತತ ವಾಸ"ವನ್ನು ಯಾರು ಒಪ್ಪಿಯಾರು? ಮಗದೊಂದು ಸಂಗತಿಯನ್ನು ಯಾವ ಮಗನೂ ಅಪ್ಪನಿಗೆ ಮೊದಲೇ ಹೇಳಿದ್ದನ್ನು ನಾನು ಕೇಳಿಲ್ಲ. ಕಾರ್ಡು ಕೈಗೆ ಬಂದ ಮೇಲೆ ಭಾರತದ ಬಡ್ಡಿ, ಬಾಡಿಗೆಗಳನ್ನೂ ಅಮೆರಿಕದ ತೆರಿಗೆ ವಿವರದಲ್ಲಿ ತೋರಿಸಬೇಕು. ಹೊರದೇಶದ ಬ್ಯಾಂಕ್ ಖಾತೆಗಳಲ್ಲಿ ಒಟ್ಟು ಮೊತ್ತ ವರ್ಷದ ಯಾವ ದಿನದಲ್ಲಾದರೂ 10,000 ಡಾಲರ್ ದಾಟಿದರೆ, ಅಂದರೆ ಎಂಟೊಂಬತ್ತು ಲಕ್ಷ ರೂಪಾಯಿ, ಪ್ರತ್ಯೇಕ ವರದಿ ಕೊಡಬೇಕು. ನಿವೃತ್ತಿಯ ಹಣವನ್ನು ಠೇವಣಿಯಿಟ್ಟ ಯಾವ ಗುಮಾಸ್ತನ ಖಾತೆಯೂ ಈ ಮಿತಿಯೊಳಗಿರುವುದಿಲ್ಲ.

ಎಲ್ಲರಿಗೂ ಕಾರ್ಡು ಬೇಡವೆಂದು ನಾನು ವಾದಿಸುತ್ತಿಲ್ಲ. ಗಂಡನನ್ನು ಕಳೆದುಕೊಂಡು ಒಬ್ಬಳೇ ಉಳಿದ ತಾಯಿ, ಇಲ್ಲಿ ಯಾರೂ ಇಲ್ಲದೆ, "ಇನ್ನು ನಿನ್ನ ಜೊತೆಯೇ ಇರುತ್ತೇನೆ ಮಗಾ" ಎಂದು ಮನಸಾರೆ ಒಪ್ಪಿದ್ದರೆ ಆಕೆಗೆ ಅದು ಸಲ್ಲಬೇಕಾದದ್ದೇ. ಆಗ ಆಕೆ ಅಲ್ಲಿಯೇ ನೆಲೆಸಲಿ, ಊರಿಗೆ ಬಂದುಹೋಗಲಿ. ಆದರೆ "ಬರುತ್ತೀರಾ?" ಎಂದು ಕೇಳದೆಯೇ ಅರ್ಜಿ ತುಂಬಿಸುವ ಮಕ್ಕಳನ್ನೇ ನಾನು ಹೆಚ್ಚಾಗಿ ಕಾಣುತ್ತಿದ್ದೇನೆ. ಪರದೇಶದ ಅಧಿಕಾರಿಯು ಕೇಳುವ "ನಿಮ್ಮ ಮನೆ ಎಲ್ಲಿ?" ಎಂಬ ಪ್ರಶ್ನೆ ನನಗೆ ಅನ್ಯಾಯವೆಂದು ತೋರುವುದಿಲ್ಲ. ಮಕ್ಕಳು ಅದನ್ನು ಹತ್ತು ವರ್ಷ ಮೊದಲೇ ಕೇಳಬೇಕಾಗಿತ್ತು.

ಊರಿನಲ್ಲಿಯೇ ಇರಬಯಸುವವರಿಗೆ ಸಂದರ್ಶಕರ ವೀಸಾ ಇದೆ. ಭಾರತೀಯರಿಗೆ ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಕೊಡುತ್ತಾರೆ, ಒಮ್ಮೆ ಹೋದರೆ ಆರು ತಿಂಗಳವರೆಗೆ ಇರಲು ಬಿಡುವುದು ವಾಡಿಕೆ. ಈಗಾಗಲೇ ಕಾರ್ಡು ಇರುವವರು ಅದೇ ಐ-407 ನಮೂನೆಯನ್ನು, ಯಾರ ಒತ್ತಡವೂ ಇಲ್ಲದೆ, ಮನೆಯಲ್ಲಿ ಕುಳಿತು ತುಂಬಿ ಕಾರ್ಡಿನೊಡನೆ ಅಂಚೆಯಲ್ಲಿ ಕಳಿಸಬಹುದು, ಅದಕ್ಕೆ ಶುಲ್ಕವಿಲ್ಲ. ಆಮೇಲೆ ಸಂದರ್ಶಕರ ವೀಸಾಕ್ಕೆ ಅರ್ಜಿ ಹಾಕಲು ಅದು ಅಡ್ಡಿಯಲ್ಲ, ಕೊಡುವುದು ಬಿಡುವುದು ದೂತಾವಾಸದ ಅಧಿಕಾರಿಗೆ ಸೇರಿದ್ದು. ಆ ಸಂದರ್ಶನದಲ್ಲಿ ಅರ್ಜಿದಾರನು ತಾನು ಊರಿಗೆ ಮರಳುವೆನೆಂದು ತೋರಿಸಬೇಕು. ಕಾರ್ಡು ಹಿಡಿದು ಹೋದಾಗ ಬಚ್ಚಿಡಬೇಕಾಗಿದ್ದ ಮೈಸೂರಿನ ಮನೆಯ ಕಂದಾಯದ ರಸೀದಿ, ಪಿಂಚಣಿ ಪುಸ್ತಕಗಳೇ ಅಲ್ಲಿ ರಾಯರ ಕಡೆಯ ಸಾಕ್ಷಿಗಳು. ಅವನ್ನು ರಾಜಾರೋಷವಾಗಿ ಮೇಜಿನ ಮೇಲಿಡಬಹುದು.