ವೃದ್ಧರ ಶುಶ್ರೂಷೆಯೂ ಸರ್ಕಾರದ ಕರ್ತವ್ಯವೂ

ವಯಸ್ಸಾದ ತಂದೆತಾಯಿಗಳ ಸೇವೆಯು ಮಕ್ಕಳ ಪರಮಧರ್ಮವೆಂಬುದನ್ನು ನಮ್ಮ ಜನಕ್ಕೆ ಹೊಸದಾಗಿ ಬೋಧಿಸಬೇಕಾದುದಿಲ್ಲ. ಶ್ರವಣಕುಮಾರನ ಕಥೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಪ್ರತಿ ವರ್ಷವೂ ಅಕ್ಟೋಬರ್ 1ರಂದು ಹಿರಿಯರ ದಿನವನ್ನು ಆಚರಿಸುವ ಸಭೆಗಳಲ್ಲಿ ಉಪನ್ಯಾಸಕರು ಈ ಕಥೆಯನ್ನೇ ಎತ್ತಿಕೊಂಡು, ಕಾಲವು ಕೆಟ್ಟಿತೆಂದೂ ಮಕ್ಕಳಲ್ಲಿ ಭಕ್ತಿಯು ಕುಂದಿತೆಂದೂ ಹಳಿದು, ಹಾರವನ್ನು ಸ್ವೀಕರಿಸಿ ಮನೆಗೆ ತೆರಳುವರು. ಕರ್ತವ್ಯಲೋಪವನ್ನು ಖಂಡಿಸುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ತಮ್ಮ ಹಿರಿಯರನ್ನು ಕೈಬಿಡದೆ, ಹಗಲಿರುಳೂ ಅವರ ಆರೈಕೆಯಲ್ಲಿ ಸವೆಯುತ್ತಿರುವ ಸಂಸಾರಗಳು ಕೈಬಿಟ್ಟ ಸಂಸಾರಗಳಿಗಿಂತ ಬಹುಪಾಲು ಹೆಚ್ಚಾಗಿವೆ. ಕಾವಡಿಯನ್ನು ಹೊತ್ತಿರುವ ಆ ಹೆಗಲುಗಳಿಗೆ ಆಸರೆ ಕೊಡುವವರಾರೆಂಬ ಪ್ರಶ್ನೆಯನ್ನು ಮಾತ್ರ ಯಾವ ಸಭೆಯಲ್ಲಿಯೂ ಕೇಳಿದಂತೆ ಕಾಣುವುದಿಲ್ಲ. ಇಂದು ನಾವು ಕೇಳಬೇಕೆಂದಿರುವುದು ಅದನ್ನೇ.

2011ರ ಖಾನೇಷುಮಾರಿಯಂತೆ ಭರತಖಂಡದಲ್ಲಿ 60 ವರ್ಷ ತುಂಬಿದವರ ಸಂಖ್ಯೆಯು 10 ಕೋಟಿ 38 ಲಕ್ಷ. ಎಂದರೆ ನೂರಕ್ಕೆ 8.6 ಮಂದಿ. ಕರ್ನಾಟಕದಲ್ಲಿ ಈ ಪ್ರಮಾಣವು ನೂರಕ್ಕೆ 9.5, ನೆರೆಯ ಕೇರಳದಲ್ಲಿ 12.6. ಅಂದಿನಿಂದ ಇದು ಏರುತ್ತಲೇ ಇದೆ. ಇದು ದುಃಖಿಸತಕ್ಕ ಸಂಗತಿಯಲ್ಲ. ಸ್ವಾತಂತ್ರ್ಯವು ಬಂದ ಕಾಲದಲ್ಲಿ ಈ ದೇಶದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು 40 ವರ್ಷಗಳನ್ನೂ ಮುಟ್ಟುತ್ತಿರಲಿಲ್ಲ. ಈಗ ಅದು 70ರ ಆಸುಪಾಸಿನಲ್ಲಿದೆ. ಆದರೆ ಆಯುಸ್ಸು ಬೆಳೆದ ಕಾಲದಲ್ಲಿಯೇ ಸಂಸಾರವು ಕಿರಿದಾಗಿದೆ. ಹಿಂದೆ ಐದಾರು ಮಕ್ಕಳ ನಡುವೆ ಹಂಚಿಹೋಗುತ್ತಿದ್ದ ಭಾರವು ಈಗ ಒಬ್ಬಿಬ್ಬರ ಮೇಲೆ ಬೀಳುತ್ತಿದೆ; ಆ ಒಬ್ಬಿಬ್ಬರೂ ಉದ್ಯೋಗನಿಮಿತ್ತವಾಗಿ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದರೆ, ಹುಟ್ಟಿದೂರಿನ ಮನೆಯಲ್ಲಿ ಮುದುಕರಿಬ್ಬರು ಒಬ್ಬರಿಗೊಬ್ಬರು ದಾದಿಗಳಾಗಿ ದಿನ ನೂಕುವರು. ಕೇಂದ್ರ ಸರ್ಕಾರವು 2017-18ರಲ್ಲಿ 45 ವರ್ಷ ದಾಟಿದ ಸುಮಾರು 72,000 ಮಂದಿಯನ್ನು ವಿಚಾರಿಸಿ ನಡೆಸಿದ ಸಮೀಕ್ಷೆಯ ಪ್ರಕಾರ, ಅರುವತ್ತು ತುಂಬಿದವರಲ್ಲಿ ಮುಕ್ಕಾಲು ಪಾಲು ಜನರಿಗೆ ಒಂದಲ್ಲ ಒಂದು ದೀರ್ಘಕಾಲದ ರೋಗವುಂಟು. ದೀರ್ಘಕಾಲದ ರೋಗವು ಆಸ್ಪತ್ರೆಯಲ್ಲಿ ನಾಲ್ಕು ದಿನವಿದ್ದು ವಾಸಿಯಾಗತಕ್ಕದ್ದಲ್ಲ. ಅದನ್ನು ಮನೆಯಲ್ಲಿಯೇ ವರ್ಷಗಟ್ಟಲೆ ನಿರ್ವಹಿಸಬೇಕು.

ಹಾಗೆ ನಿರ್ವಹಿಸುವವರಾರು? ಕಥೆಯಲ್ಲಿ ಕಾವಡಿಯು ಮಗನ ಹೆಗಲ ಮೇಲಿತ್ತು; ಇಂದಿನ ಸಂಸಾರದಲ್ಲಿ ಅದು ಸೊಸೆಯ, ಮಗಳ ಅಥವಾ ತಾನೂ ಮುದುಕಿಯಾಗಿರುವ ಹೆಂಡತಿಯ ಹೆಗಲ ಮೇಲಿದೆ. ಕೇಂದ್ರ ಸರ್ಕಾರದವರೇ 2024ರಲ್ಲಿ ಜನರ ದಿನಚರಿಯನ್ನು ಕುರಿತು ನಡೆಸಿದ ಸಮೀಕ್ಷೆಯಲ್ಲಿ, 15ರಿಂದ 59 ವರ್ಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರೆ, ಪುರುಷರಲ್ಲಿ ನೂರಕ್ಕೆ 21.4 ಮಂದಿ ಮಾತ್ರ ತೊಡಗಿರುವರೆಂದು ಕಂಡುಬಂದಿತು. ಈ ಲೆಕ್ಕದಲ್ಲಿ ಮಕ್ಕಳ ಪಾಲನೆಯೂ ಸೇರಿದೆಯಾದರೂ ಭಾರವು ಯಾವ ಕಡೆಗೆ ವಾಲಿದೆಯೆಂಬುದನ್ನು ಇದು ಸ್ಪಷ್ಟಪಡಿಸುತ್ತದೆ. ಮಾತೃಭಕ್ತಿಯ ವಿಷಯದಲ್ಲಿ ಭಾಷಣ ಮಾಡುವ ಮಹನೀಯರು ತಮ್ಮ ತಾಯಿಯ ಹಾಸಿಗೆಯನ್ನು ಇಂದು ಬೆಳಿಗ್ಗೆ ಬದಲಾಯಿಸಿದವರಾರೆಂಬುದನ್ನು ಒಮ್ಮೆ ಯೋಚಿಸಿ ನೋಡಲಿ.

ಶುಶ್ರೂಷೆಗೆ ಪ್ರೀತಿಯೊಂದಿದ್ದರೆ ಸಾಕೆಂದು ಭಾವಿಸುವವರು ಬಹು ಮಂದಿ. ಪ್ರೀತಿಯು ಬೇಕೇ ಬೇಕು. ಆದರೆ ಶುಶ್ರೂಷೆಯು ಕಲಿತು ಬರಬೇಕಾದ ಒಂದು ವಿದ್ಯೆ. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಸೊಂಟದಲ್ಲಿಯೂ ಹಿಮ್ಮಡಿಯಲ್ಲಿಯೂ ಹುಣ್ಣಾಗುವುದು. ಒಮ್ಮೆ ಆಳವಾದ ಹುಣ್ಣು ಮಾಯಲು ತಿಂಗಳುಗಳೇ ಬೇಕು. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕುಗ್ಗುವುದರಿಂದ, ಕೇಳಿದಾಗ ಮಾತ್ರ ನೀರು ಕೊಡುತ್ತೇವೆಂದರೆ ಮುದುಕರ ದೇಹವು ಒಣಗುವುದು. ಶ್ವಾಸಕೋಶಕ್ಕೋ ಮೂತ್ರನಾಳಕ್ಕೋ ಸೋಂಕು ತಗಲಿದಾಗ ಎಳೆಯರಿಗೆ ಬರುವಂತೆ ಅವರಿಗೆ ಜ್ವರ ಬಾರದೆ, ಹಠಾತ್ತಾಗಿ ಮಾತು ತೊದಲಿ ಬುದ್ಧಿಯು ಗಲಿಬಿಲಿಗೊಳ್ಳುವುದುಂಟು. ಇದನ್ನರಿಯದವರು ಮುಪ್ಪಿನ ಸ್ವಭಾವವೆಂದು ಸುಮ್ಮನಿದ್ದು, ಕಾಲ ಮೀರಿದ ಮೇಲೆ ಆಸ್ಪತ್ರೆಗೆ ಓಡುವರು.

ಎಲ್ಲಕ್ಕಿಂತ ಹೆಚ್ಚಿನ ಅಪಾಯವು ಬೀಳುವುದರಲ್ಲಿದೆ. 65 ವರ್ಷ ದಾಟಿದವರಲ್ಲಿ ಸುಮಾರು ಮೂರರಲ್ಲೊಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುವರೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳಿದ್ದಾರೆ. ತೊಡೆಯ ಮೂಳೆ ಮುರಿದ ಮುದುಕರಲ್ಲಿ ಅನೇಕರು ಮತ್ತೆ ಮೊದಲಿನಂತೆ ಎದ್ದು ನಡೆಯುವುದಿಲ್ಲ. ಬಚ್ಚಲುಮನೆಯ ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ, ಜಾರದ ನೆಲ, ಹಾಸಿಗೆಯಿಂದ ಶೌಚದ ಮನೆಯವರೆಗೆ ರಾತ್ರಿಯೆಲ್ಲ ಉರಿಯುವ ಒಂದು ಸಣ್ಣ ದೀಪ, ಎದ್ದೊಡನೆ ನಿಲ್ಲದೆ ಹಾಸಿಗೆಯಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು ಏಳುವ ಅಭ್ಯಾಸ, ನಿದ್ರೆಯ ಗುಳಿಗೆಯ ವಿಷಯದಲ್ಲಿ ಎಚ್ಚರಿಕೆ, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ, ಕೈಕಾಲುಗಳ ಬಲವನ್ನುಳಿಸುವ ದಿನನಿತ್ಯದ ಮಿತವ್ಯಾಯಾಮ: ಇವುಗಳಿಂದ ತಪ್ಪಿಸಬಹುದಾದ ಅನಾಹುತಗಳು ಎಷ್ಟೋ ಇವೆ. ಕೆಲವು ನೂರು ರೂಪಾಯಿಗಳ ಕಂಬಿಯನ್ನು ಹಾಕಿಸದೆ, ಲಕ್ಷಾಂತರ ರೂಪಾಯಿಗಳ ಶಸ್ತ್ರಚಿಕಿತ್ಸೆಗೆ ಸಾಲ ಮಾಡಿದ ಮನೆಗಳು ಪ್ರತಿಯೊಂದು ಬೀದಿಯಲ್ಲಿಯೂ ಇವೆ. ಇದಕ್ಕೆ ಕಾರಣವು ಜಿಪುಣತನವಲ್ಲ, ಹೇಳುವವರಿಲ್ಲದುದೇ ಕಾರಣ.

ಮರೆವಿನ ರೋಗದ ವಿಷಯವಂತೂ ಇನ್ನೂ ಕಷ್ಟತರವಾದುದು. ಅರವತ್ತಕ್ಕೆ ಅರಳುಮರಳು ಎಂಬ ನಮ್ಮ ಗಾದೆಯು ಈ ವಿಷಯದಲ್ಲಿ ದೊಡ್ಡ ಅಪಕಾರವನ್ನು ಮಾಡಿದೆ. ಅರುವತ್ತು ತುಂಬಿದವರಲ್ಲಿ ನೂರಕ್ಕೆ ಸುಮಾರು 7.4 ಮಂದಿಗೆ, ಎಂದರೆ ದೇಶದಲ್ಲಿ ಒಟ್ಟು ಸುಮಾರು 88 ಲಕ್ಷ ಜನಕ್ಕೆ, ಡಿಮೆನ್ಷಿಯಾ ಎಂಬ ಬುದ್ಧಿಭ್ರಂಶದ ರೋಗವಿದೆಯೆಂದು ತಜ್ಞರು ಅಂದಾಜು ಮಾಡಿದ್ದಾರೆ. ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಇದಿಲ್ಲವಾದುದರಿಂದ ಇದು ಮುಪ್ಪಿನ ಸಹಜಧರ್ಮವಲ್ಲ, ರೋಗ. ಥೈರಾಯ್ಡ್ ಗ್ರಂಥಿಯ ಕೊರತೆ, ಬಿ 12 ಜೀವಸತ್ವದ ಅಭಾವ ಮುಂತಾದ, ಚಿಕಿತ್ಸೆಗೆ ಬಗ್ಗತಕ್ಕ ಕಾರಣಗಳಿಂದಲೂ ಮರೆವು ಬರುವುದುಂಟು. ಗಾದೆಯನ್ನು ನಂಬಿ ವೈದ್ಯರ ಬಳಿಗೆ ಹೋಗದವರಿಗೆ ಈ ಚಿಕಿತ್ಸೆಯೂ ತಪ್ಪುವುದು.

ಸರ್ಕಾರದವರು ಏನನ್ನೂ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಆದರೆ ಅವರು ಮಾಡಿದುದೆಲ್ಲವೂ ಮನೆಯ ಹೊಸ್ತಿಲಿನ ಹೊರಗೇ ನಿಂತಿದೆ. ಬಡ ವೃದ್ಧರ ಮಾಸಾಶನದಲ್ಲಿ 80 ವರ್ಷದೊಳಗಿನವರಿಗೆ ಕೇಂದ್ರ ಸರ್ಕಾರವು ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. 2007ರಿಂದೀಚೆಗೆ ಎಲ್ಲ ಪದಾರ್ಥಗಳ ಬೆಲೆಯೂ ಏರಿತು, ಈ ಇನ್ನೂರು ಏರಲಿಲ್ಲ. ನಮ್ಮ ರಾಜ್ಯ ಸರ್ಕಾರದವರು ಸಂಧ್ಯಾ ಸುರಕ್ಷಾ ಯೋಜನೆಯ ಮೊಬಲಗನ್ನು 2021ರಲ್ಲಿ 1,200 ರೂಪಾಯಿಗಳಿಗೆ ಏರಿಸಿದುದು ಶ್ಲಾಘ್ಯವಾದರೂ, ಔಷಧಗಳ ಖರ್ಚಿಗೇ ಅದು ಸಾಲದು. 2024ರ ಅಕ್ಟೋಬರಿನಲ್ಲಿ ಕೇಂದ್ರದವರು ಆಯುಷ್ಮಾನ್ ಭಾರತ ಯೋಜನೆಯನ್ನು, ವರಮಾನದ ಭೇದವಿಲ್ಲದೆ, 70 ವರ್ಷ ತುಂಬಿದವರೆಲ್ಲರಿಗೂ ವಿಸ್ತರಿಸಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯನ್ನು ಘೋಷಿಸಿದರು. ಆದರೆ ಆ ಹಣವು ಆಸ್ಪತ್ರೆಗೆ ಸೇರಿದವರ ಚಿಕಿತ್ಸೆಗಾಗಿ. ಬಿದ್ದು ಮೂಳೆ ಮುರಿದರೆ ಸರ್ಕಾರದ ಹಣವುಂಟು. ಬೀಳದಂತೆ ನೋಡಿಕೊಳ್ಳುವ ಸೊಸೆಗೆ ಒಂದು ಕಾಸಿನ ನೆರವೂ ಇಲ್ಲ.

ಇನ್ನು 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆ. ಇದರಂತೆ ನ್ಯಾಯಮಂಡಲಿಯು ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿಗಳವರೆಗೆ ಜೀವನಾಂಶವನ್ನು ಕೊಡಿಸಬಹುದು. ಹಿರಿಯರನ್ನು ಬೀದಿಪಾಲು ಮಾಡಿದವರಿಗೆ ಮೂರು ತಿಂಗಳ ಸೆರೆವಾಸವನ್ನೂ ವಿಧಿಸಬಹುದು. ಜಿಲ್ಲೆಗೊಂದರಂತೆ 150 ಜನ ನಿರ್ಗತಿಕರಿಗೆ ಸಾಲುವ ವೃದ್ಧಾಶ್ರಮದ ಮಾತೂ ಅದರಲ್ಲಿದೆ. ಕೈಬಿಟ್ಟ ಮಕ್ಕಳಿಗೆ ದಂಡವನ್ನೂ ಕೈಬಿಡಲ್ಪಟ್ಟವರಿಗೆ ಆಶ್ರಮವನ್ನೂ ಗೊತ್ತುಮಾಡಿದ ಈ ಕಾಯಿದೆಯಲ್ಲಿ, ಕೈಬಿಡದ ಸಂಸಾರಕ್ಕೆ ಯಾವ ಸಹಾಯವೂ ಇಲ್ಲ. ಜೀವನಾಂಶದ ಮಿತಿಯನ್ನು ತೆಗೆದು, ಮನೆಗೆ ಬಂದು ಶುಶ್ರೂಷೆ ಮಾಡುವ ಸಂಸ್ಥೆಗಳನ್ನು ನೋಂದಣಿಗೆ ಒಳಪಡಿಸುವ ತಿದ್ದುಪಡಿಯ ಮಸೂದೆಯನ್ನು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಲಾಯಿತು. ಅದು ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಹಾಗೆಯೇ ಬಿದ್ದಿದ್ದು, 2024ರಲ್ಲಿ ಆ ಲೋಕಸಭೆಯೊಡನೆಯೇ ಅಸ್ತಮಿಸಿತು.

ಮಾರ್ಗವಿಲ್ಲವೆಂದು ಯಾರೂ ಹೇಳಲಾಗದು. ಕೇರಳದ ಕೋಳಿಕೋಡಿನಲ್ಲಿ 1993ರಲ್ಲಿ ಕೆಲವು ವೈದ್ಯರು ನೋವಿನ ಉಪಶಮನಕ್ಕಾಗಿ ಸ್ಥಾಪಿಸಿದ ಸಂಘದಿಂದ ಹುಟ್ಟಿದ ಚಳವಳಿಯು, ನೆರೆಹೊರೆಯ ಸ್ವಯಂಸೇವಕರನ್ನು ಕೂಡಿಸಿಕೊಂಡು ಬೆಳೆದು, 2008ರಲ್ಲಿ ಆ ರಾಜ್ಯದ ಸರ್ಕಾರಿ ನೀತಿಯೇ ಆಯಿತು. ಅಲ್ಲಿ ಪಂಚಾಯತಿಯ ಆಶ್ರಯದಲ್ಲಿ ತರಬೇತಾದ ದಾದಿಯು ಹಾಸಿಗೆ ಹಿಡಿದವರ ಮನೆಗೆ ಹೋಗಿ, ಹುಣ್ಣನ್ನು ತೊಳೆದು, ನಳಿಕೆಯನ್ನು ಬದಲಾಯಿಸಿ, ಮನೆಯವರಿಗೆ ಕ್ರಮವನ್ನು ಕಲಿಸಿ ಬರುವಳು. ತಮಿಳುನಾಡಿನವರು 2021ರಲ್ಲಿ, ನಮ್ಮ ಗಡಿಗಂಟಿದ ಕೃಷ್ಣಗಿರಿ ಜಿಲ್ಲೆಯಿಂದಲೇ, ಮನೆಬಾಗಿಲಿಗೆ ವೈದ್ಯವನ್ನು ಒಯ್ಯುವ ಯೋಜನೆಯನ್ನು ಆರಂಭಿಸಿ, ಔಷಧದೊಡನೆ ಅಂಗಮರ್ದನ ವ್ಯಾಯಾಮಗಳ ಚಿಕಿತ್ಸೆಯನ್ನೂ ಉಪಶಮನದ ಆರೈಕೆಯನ್ನೂ ಸೇರಿಸಿದರು. ನಮ್ಮಲ್ಲಿಯೂ 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಗೃಹ ಆರೋಗ್ಯವೆಂಬ ಯೋಜನೆಯು ಆರಂಭವಾಯಿತು. ಮನೆಮನೆಗೂ ಹೋಗಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಪರೀಕ್ಷಿಸುವ ಈ ಕ್ರಮವನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ರೋಗವನ್ನು ಪತ್ತೆಮಾಡುವುದು ಬೇರೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಬೇರೆ. ಹೊಸ್ತಿಲವರೆಗೆ ಬಂದವರು ಒಳಗೂ ಬರಬೇಕೆಂಬುದೇ ನಮ್ಮ ಕೋರಿಕೆ.

ಮಕ್ಕಳ ಕರ್ತವ್ಯವನ್ನು ಸರ್ಕಾರವು ವಹಿಸಿಕೊಂಡರೆ ಮಕ್ಕಳು ಸೋಮಾರಿಗಳಾಗುವರೆಂದು ಕೆಲವರು ಆಕ್ಷೇಪಿಸಬಹುದು. ಪಾಠಶಾಲೆಗಳನ್ನು ತೆರೆದುದರಿಂದ ತಂದೆತಾಯಿಗಳಿಗೆ ಮಕ್ಕಳ ಮೇಲಿನ ಮಮತೆ ಕಡಮೆಯಾಯಿತೆ? ಪ್ರಸೂತಿಗೃಹಗಳಿಂದ ತವರಿನ ಬಾಂಧವ್ಯ ಹರಿಯಿತೆ? ವಾರಕ್ಕೊಮ್ಮೆ ಬರುವ ದಾದಿಯು ಸೊಸೆಯ ಕೆಲಸವನ್ನು ಕಸಿದುಕೊಳ್ಳುವುದಿಲ್ಲ, ಅದನ್ನು ಸಾಧ್ಯವಾಗಿಸುವಳು. ಬೆನ್ನು ಮುರಿಯುವವರೆಗೆ ಹೊರಿಸಿ, ಕೆಳಗಿಳಿಸಿದ ದಿನ ಧರ್ಮಭ್ರಷ್ಟರೆಂದು ಹಳಿಯುವುದು ನ್ಯಾಯವಲ್ಲ.

ಆದುದರಿಂದ ಸರ್ಕಾರದವರು ಈ ಕೆಳಗಿನ ಸುಧಾರಣೆಗಳನ್ನು ವಿಳಂಬವಿಲ್ಲದೆ ಕೈಗೊಳ್ಳಬೇಕೆಂದು ಒತ್ತಾಯಪಡಿಸುತ್ತೇವೆ. ಮೊದಲನೆಯದಾಗಿ, ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಪಟ್ಟಣಗಳಲ್ಲಿ ಪ್ರತಿಯೊಂದು ನಮ್ಮ ಕ್ಲಿನಿಕ್ಕಿಗೂ, ಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡುವುದಕ್ಕೆಂದೇ ಒಬ್ಬ ದಾದಿಯನ್ನು ನೇಮಿಸಬೇಕು. ಈಗಾಗಲೇ ಬೆನ್ನು ಬಾಗಿರುವ ಆಶಾ ಕಾರ್ಯಕರ್ತೆಯರ ಮೇಲೆ ಸಂಬಳವಿಲ್ಲದ ಇನ್ನೊಂದು ಕೆಲಸವಾಗಿ ಇದನ್ನು ಹೇರಕೂಡದು. ಎರಡನೆಯದಾಗಿ, ಗಾಲಿಕುರ್ಚಿ, ಶೌಚದ ಕುರ್ಚಿ, ಗಾಳಿಹಾಸಿಗೆ ಮುಂತಾದವುಗಳನ್ನು ಪಂಚಾಯತಿಯಲ್ಲಿಟ್ಟು, ಗ್ರಂಥಾಲಯದ ಪುಸ್ತಕದಂತೆ ಎರವಲು ಕೊಡುವ ಏರ್ಪಾಡಾಗಬೇಕು. ಮೂರನೆಯದಾಗಿ, ಆರೈಕೆ ಮಾಡುವವರಿಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಎರಡು ಮೂರು ದಿನಗಳ ಶಿಕ್ಷಣವನ್ನು ಕೊಡಬೇಕು. ಅವರಿಗೆ ವರ್ಷದಲ್ಲಿ ಕೆಲವು ದಿನಗಳಾದರೂ ವಿಶ್ರಾಂತಿ ದೊರೆಯುವಂತೆ ರೋಗಿಯನ್ನು ಅಲ್ಲಿಯೇ ಇಟ್ಟುಕೊಳ್ಳುವ ಅನುಕೂಲವಿರಬೇಕು. ನಾಲ್ಕನೆಯದಾಗಿ, 2021ರಲ್ಲಿ ಸರ್ಕಾರಿ ಮಹಿಳಾ ನೌಕರರಿಗೆ ಶಿಶುಪಾಲನೆಗಾಗಿ ಕೊಟ್ಟ 180 ದಿನಗಳ ರಜೆಯ ಮಾದರಿಯಲ್ಲಿ, ತಂದೆತಾಯಿಗಳ ಶುಶ್ರೂಷೆಗೂ ರಜೆಯನ್ನು ಗೊತ್ತುಮಾಡಿ, ಅದನ್ನು ಗಂಡಸರಿಗೂ ಅನ್ವಯಿಸಬೇಕು. ಹಿರಿಯರನ್ನು ಕಡೆಗಣಿಸುವ ನೌಕರರ ಸಂಬಳದಿಂದ ಹಣವನ್ನು ಹಿಡಿಯುವ ಕಾಯಿದೆಯನ್ನು ಅಸ್ಸಾಮಿನವರು 2017ರಲ್ಲಿ ಮಾಡಿದರು. ಹಿಡಿಯುವ ಕಾಯಿದೆಯಿದ್ದ ಮೇಲೆ ಕೊಡುವ ಕಾಯಿದೆಯೂ ಇರುವುದು ನ್ಯಾಯ.

ಐದನೆಯದು, ಕಾಸಿನ ಖರ್ಚಿಲ್ಲದೆ ನಾಳೆಯೇ ಮಾಡಬಹುದಾದುದು. ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ ರದ್ದುಪಡಿಸಲು ಕಾಯಿದೆಯ 23ನೆಯ ಕಲಮಿನಲ್ಲಿ ಅವಕಾಶವುಂಟು. ಆದರೆ ಅಂತಹ ಷರತ್ತು ಇದ್ದುದು ಸಿದ್ಧವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಈ ಕಾಯಿದೆಯನ್ನು ಉದಾರವಾಗಿ ಅರ್ಥಮಾಡಬೇಕೆಂದಿತು. ದಾನಪತ್ರದಲ್ಲಿಯೇ ಒಂದು ಸಾಲು ಬರೆದಿದ್ದರೆ ಈ ವ್ಯಾಜ್ಯಕ್ಕೆ ಎಡೆಯೇ ಇರುವುದಿಲ್ಲ. ವೃದ್ಧರು ದಾನಪತ್ರವನ್ನು ನೋಂದಾಯಿಸಲು ಬಂದಾಗ, ಈ ಷರತ್ತನ್ನು ಬರೆಸಬೇಕೆಂಬ ಇಚ್ಛೆಯುಂಟೆ ಎಂದು ಸಬ್ ರಿಜಿಸ್ಟ್ರಾರರು ಅವರನ್ನೇ ಪ್ರತ್ಯೇಕವಾಗಿ ಕೇಳತಕ್ಕದ್ದೆಂದು ಸರ್ಕಾರವು ಒಂದು ಸುತ್ತೋಲೆಯನ್ನು ಹೊರಡಿಸಿದರೆ ಸಾಕು. ಅಧಿಕಾರವರ್ಗದ ನಮ್ಮ ಓದುಗರು ಈ ಸಲಹೆಯನ್ನು ಸಂಬಂಧಪಟ್ಟವರ ಗಮನಕ್ಕೆ ತರುವರೆಂದು ನಂಬಿದ್ದೇವೆ.

ಮಹಾಜನರ ಪಾಲಿನ ಕರ್ತವ್ಯವೂ ಉಂಟು. ಸರ್ಕಾರದ ದಾದಿಯು ಬರುವವರೆಗೆ ಕಾಯಬೇಕಾದುದಿಲ್ಲ. ಪಕ್ಕದ ಮನೆಯ ಮುದುಕರ ಬಳಿ ಸಂಜೆ ಒಂದು ಗಂಟೆ ಕುಳಿತು, ಅವರ ಸೊಸೆಯನ್ನು ದೇವಸ್ಥಾನಕ್ಕೋ ಸಂತೆಗೋ ಹೋಗಿ ಬರಲು ಬಿಡುವುದು ಯಾರಿಗೂ ಅಸಾಧ್ಯವಲ್ಲ. ಬಚ್ಚಲಿನ ಕಂಬಿಯನ್ನು ಈ ಭಾನುವಾರವೇ ಹಾಕಿಸಬಹುದು. ಸಂಕಟದಲ್ಲಿರುವ ಹಿರಿಯರಿಗಾಗಿ 14567 ಎಂಬ ದೂರವಾಣಿಯಿದೆಯೆಂಬುದನ್ನು ತಿಳಿಯದವರಿಗೆ ತಿಳಿಸಬಹುದು. ಗಂಡುಮಕ್ಕಳು ತಮ್ಮ ತಾಯಿಯ ಔಷಧಗಳ ಹೆಸರನ್ನೂ ಹೊತ್ತನ್ನೂ ಒಂದು ಕಾಗದದಲ್ಲಿ ತಾವೇ ಬರೆದು, ಪ್ರತಿ ಸಲವೂ ವೈದ್ಯರಿಗೆ ತೋರಿಸುವ ಹೊಣೆಯನ್ನು ಹೊರಲಿ. ಇಂದು ಶುಶ್ರೂಷೆ ಮಾಡುತ್ತಿರುವವರೂ, ಅದನ್ನು ನೋಡುತ್ತ ನಿಂತಿರುವವರೂ, ಆಜ್ಞೆಗೆ ರುಜು ಹಾಕಬೇಕಾದ ಅಧಿಕಾರಿಗಳೂ, ಆಯುಸ್ಸಿದ್ದರೆ ಒಂದು ದಿನ ಅದೇ ಹಾಸಿಗೆಯ ಮೇಲೆ ಮಲಗತಕ್ಕವರೇ. ಮುಂಬರುವ ಆಯವ್ಯಯದಲ್ಲಿ ಸರ್ಕಾರದವರು ಮನೆಯ ಶುಶ್ರೂಷೆಗೆಂದು ಪ್ರತ್ಯೇಕವಾದ ಮೊಬಲಗನ್ನು ಗೊತ್ತುಮಾಡುವರೆಂದೂ, ಶಾಸನಸಭೆಯ ಸದಸ್ಯರು ಪಕ್ಷಭೇದವನ್ನೆಣಿಸದೆ ಅದನ್ನು ಕೇಳಿ ಪಡೆಯುವರೆಂದೂ ನಾವು ನಿರೀಕ್ಷಿಸುತ್ತೇವೆ.