ಗೇಯುವ ಕೈಗೇ ಕಾಯುವ ಕೆಲಸ

ಆದಿಕಾಂಡದಲ್ಲಿ ದೇವರು ಮೊದಲನೆಯ ಮನುಷ್ಯನಿಗೆ ಎರಡು ಕೆಲಸಗಳನ್ನು ಒಪ್ಪಿಸಿದನೆಂಬುದನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಓದಿರುವರು. ತೋಟವನ್ನು ಗೇಯುವುದು ಒಂದು, ಕಾಯುವುದು ಮತ್ತೊಂದು. ಎರಡನ್ನೂ ಒಂದೇ ಕೈಗೆ ಕೊಟ್ಟದ್ದು ಅರ್ಥವುಳ್ಳದ್ದೆಂದು ನಾವು ನಂಬುತ್ತೇವೆ. ಅವುಗಳನ್ನು ಬೇರ್ಪಡಿಸಿದರೆ ಏನಾಗುವುದೆಂಬುದಕ್ಕೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವು ಸಾಕ್ಷಿಯಾಗಿದೆ.

ಆ ಬೆಟ್ಟದ ಸೋಲಿಗರು ಪೋಡುಗಳಲ್ಲಿ ವಾಸಿಸುತ್ತ, ರಾಗಿಯನ್ನು ಬೆಳೆದು, ಹೆಜ್ಜೇನು, ನೆಲ್ಲಿಕಾಯಿ, ಸೀಗೇಕಾಯಿಗಳನ್ನು ಕೂಡಿಸಿ ಜೀವಿಸುತ್ತಿದ್ದವರು. 1974ರಲ್ಲಿ ಆ ಕಾಡು ವನ್ಯಜೀವಿಧಾಮವಾಯಿತು. ಅವರ ಬೇಟೆಯೂ ಎಡೆ ಬದಲಿಸಿ ಮಾಡುವ ಬೇಸಾಯವೂ ನಿಂತವು. ಅನೇಕ ಕುಟುಂಬಗಳು ಹಳೆಯ ನೆಲೆಗಳನ್ನು ಬಿಡಬೇಕಾಯಿತು. ವನ್ಯಜೀವಿ ಶಾಸನಕ್ಕೆ 2002ರಲ್ಲಿ ತಿದ್ದುಪಡಿಯಾದ ಕೆಲವು ವರ್ಷಗಳೊಳಗೆ ಜೇನು, ನೆಲ್ಲಿಕಾಯಿಗಳನ್ನು ಮಾರುವುದಕ್ಕೂ ತಡೆಯುಂಟಾಯಿತು. ಇದರಿಂದ ಕಾಡು ಸುಖಪಟ್ಟಿತೇ? ಬೇಸಗೆ ಬಲಿಯುವ ಮುನ್ನ ನೆಲದ ತರಗಿಗೆ ಹಗುರವಾದ ಬೆಂಕಿಯಿಡುವ ಪದ್ಧತಿಯು ಸೋಲಿಗರಲ್ಲಿತ್ತು. ಅದು ನಿಂತ ಮೇಲೆಯೇ ಲಂಟಾನ ಪೊದೆಯು ಬೆಟ್ಟವನ್ನು ಮುಸುಕಿತೆಂದು ಅವರ ಹಿರಿಯರು ಹೇಳುವರು. ಸಂಶೋಧಕರೂ ಈ ಮಾತಿಗೆ ಕಿವಿಗೊಟ್ಟಿದ್ದಾರೆ.

ಎದುರುಪಕ್ಷದವರ ಭಯವು ಹುರುಳಿಲ್ಲದ್ದಲ್ಲ. ಹುಲಿಗೂ ಆನೆಗೂ ನಿರ್ಭಯವಾದ ಎಡೆಯು ಬೇಕು. ಪೇಟೆಯಲ್ಲಿ ಬೆಲೆಯೇರಿದಾಗ ಕೊಂಬೆಯನ್ನೇ ಕಡಿದು ಕಾಯನ್ನು ಕೊಯ್ಯುವ ಆಸೆ ಯಾರಿಗಾದರೂ ಹುಟ್ಟೀತು. ಆದರೆ ಬರುವ ವರ್ಷವೂ ಈ ಮರವು ತನಗೆ ಕಾಯಿ ಕೊಡುವುದೆಂಬ ಭರವಸೆಯುಳ್ಳವನು ಕೊಂಬೆಯನ್ನು ಉಳಿಸುವನು. ಇಂದೋ ನಾಳೆಯೋ ಹೊರಡಬೇಕಾದವನಿಗೆ ಆ ತಾಳ್ಮೆಯು ಎಲ್ಲಿಂದ ಬರಬೇಕು?

ಆದಕಾರಣ, 2006ರ ಅರಣ್ಯ ಹಕ್ಕು ಶಾಸನದ ಪ್ರಕಾರ 2011ರಲ್ಲಿ 25 ಪೋಡುಗಳಿಗೆ ಸಾಮುದಾಯಿಕ ಹಕ್ಕು ದೊರೆತದ್ದು ನ್ಯಾಯವೆಂದೇ ನಮ್ಮ ಅಭಿಪ್ರಾಯವು. ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾದುದೂ ಅದೇ ವರ್ಷ. ಆದರೆ ಹಕ್ಕುಪತ್ರವೊಂದೇ ಸಾಲದು. ಎಷ್ಟು ಕೊಯ್ಯಬೇಕು, ಯಾವಾಗ ನಿಲ್ಲಿಸಬೇಕು, ಪೊದೆಯನ್ನು ಹೇಗೆ ಕೀಳಬೇಕು ಎಂಬುದನ್ನು ನಿಶ್ಚಯಿಸುವಾಗ ಅರಣ್ಯಾಧಿಕಾರಿಗಳು ಗ್ರಾಮಸಭೆಯ ಮಾತನ್ನು ಕೇಳಬೇಕು. ಸೋಲಿಗರೂ ಹಕ್ಕಿನೊಡನೆ ಕಾವಲಿನ ಭಾರವನ್ನು ಹೊರಬೇಕು.

ನಮ್ಮ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳುವೆವು. ಕಾಡೆಂದರೆ ಮರಗಳೂ ಮೃಗಗಳೂ ಮಾತ್ರವೆಂಬಂತೆ ಬಹುಕಾಲ ಪಾಠ ಹೇಳಿದೆವು. ಅಲ್ಲಿ ಒಲೆ ಹೊತ್ತಿಸುವ ತಾಯಂದಿರೂ ಇರುವರೆಂದು ಹೇಳಲಿಲ್ಲ. ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ನೀವು ಮಕ್ಕಳಿಗೆ ಹುಲಿಯ ವಿಷಯವನ್ನು ತಿಳಿಸುವಾಗ ಸೋಲಿಗರ ವಿಷಯವನ್ನೂ ತಿಳಿಸಿರಿ. ಪೋಷಕರೇ, ಕಾಡಿನ ಜೇನನ್ನು ಕೊಳ್ಳುವಾಗ ಅಗ್ಗವನ್ನೇ ಹುಡುಕದೆ, ಅದನ್ನು ಇಳಿಸಿ ತಂದವರಿಗೆ ತಕ್ಕ ಬೆಲೆ ಸಂದಿತೇ ಎಂದು ವಿಚಾರಿಸಿರಿ. ತೋಟವನ್ನು ಕಾಯುವ ಕೆಲಸದಲ್ಲಿ ನಮ್ಮ ಪಾಲು ಅಲ್ಲಿಂದಲೇ ಮೊದಲಾಗಲಿ.