ಕರೆಂಟ್ ಕಡಿತದ ಲೆಕ್ಕ ಊರಿಗೂ ಸಿಗಲಿ



2023ರ ಬರಗಾಲದಲ್ಲಿ ಪಂಪ್‌ಸೆಟ್‌ಗಳಿಗೆ 7 ಗಂಟೆ ಇದ್ದ ತ್ರೀಫೇಸ್ ಕರೆಂಟ್ 5 ಗಂಟೆಗೆ ಇಳಿಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಇಲ್ಲಿನ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಕೊಡಬೇಕೆಂದು ಆದೇಶಿಸಿತು. ಸರಿಯಾದ ಕ್ರಮವೇ. ಆದರೆ ಯಾವ ಫೀಡರ್‌ನಲ್ಲಿ ಎಷ್ಟು ಹೊತ್ತು, ಏಕೆ ಕರೆಂಟ್ ಹೋಯಿತೆಂದು ಗಾವಡಗೆರೆ ಸೀಮೆಯ ರೈತರಿಗೆ ಹೇಳುವವರಿರಲಿಲ್ಲ.

2003ರ ಇದೇ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ, ವಿದ್ಯುತ್ ಕಂಪನಿಗಳು ತಮ್ಮ ಸೇವೆಯ ಮಟ್ಟವನ್ನೂ ಗ್ರಾಹಕರಿಗೆ ಕೊಟ್ಟ ಪರಿಹಾರವನ್ನೂ ನಿಯಂತ್ರಣ ಆಯೋಗಕ್ಕೆ ವರದಿ ಮಾಡಲೇಬೇಕು. ಆಯೋಗ ವರ್ಷಕ್ಕೊಮ್ಮೆಯಾದರೂ ಆ ಮಾಹಿತಿಯನ್ನು ಪ್ರಕಟಿಸಬೇಕು. ಆದರೆ ಇಡೀ ಕಂಪನಿಯ ಸರಾಸರಿ ನಮಗೇನು ಉಪಯೋಗ? ಅದರಲ್ಲಿ ಮೈಸೂರು ನಗರವೂ ಎಚ್.ಡಿ. ಕೋಟೆಯ ಕಾಡಂಚಿನ ಹಳ್ಳಿಯೂ ಒಂದೇ ಆಗಿಬಿಡುತ್ತವೆ. ಆನೆ ಓಡಾಡುವ ಕಡೆ, ರಾತ್ರಿ ಪಾಳಿಯ ಕರೆಂಟ್ ನಂಬಿ ಹೊಲಕ್ಕೆ ನೀರು ಹಾಯಿಸಲು ಹೋಗುವುದು ಜೀವದ ಪ್ರಶ್ನೆ. ಎಷ್ಟು ಗಂಟೆ ಎಂಬುದರ ಜೊತೆಗೆ ಯಾವ ಹೊತ್ತಿನಲ್ಲಿ ಎಂಬುದೂ ವರದಿಯಲ್ಲಿರಬೇಕು.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಅಭಾವದ ತಿಂಗಳುಗಳಲ್ಲಿ ಪ್ರತಿ ಫೀಡರ್‌ನ ಕಡಿತದ ಸಮಯ, ಕಾರಣಗಳನ್ನು ವಾರಕ್ಕೊಮ್ಮೆ ಗ್ರಾಮ ಪಂಚಾಯಿತಿ ಫಲಕದಲ್ಲಿ ಕನ್ನಡದಲ್ಲಿ ಹಾಕಿಸಲಿ. ಸಬ್‌ಸ್ಟೇಷನ್ ಲಾಗ್‌ಬುಕ್‌ನಲ್ಲಿ ಬರೆಯುವುದನ್ನೇ ಊರಿನವರಿಗೂ ತೋರಿಸಿದರೆ ಸಾಕು.

– ರೈತ ಓದುಗ, ಗಾವಡಗೆರೆ, ಹುಣಸೂರು ತಾಲ್ಲೂಕು